ಸಾನಪಾಡಾಕ್ಕೆ ಒಯ್ದ ವಾಗ್ದಾನದ ಚೀಟಿ

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ನಾನೂ ನನ್ನ ಹೆಂಡತಿ ಸುಶೀಲಾಳೂ ಡೊಂಬಿವಲಿಯಿಂದ ಹೊರಟೆವು. ಹೋಗಬೇಕಾದದ್ದು ಸಾನಪಾಡಾಕ್ಕೆ. ಅಲ್ಲಿ ಸುಧಾಕರನ ಮನೆಯಲ್ಲಿ ಕನ್ನಡ ಕ್ರೈಸ್ತರ ತಿಂಗಳ ಪ್ರಾರ್ಥನಾ ಕೂಟವಿತ್ತು. ಕೂಟದ ನಂತರ ಅವನ ತಾಯಿಗೆ ನಾನೊಂದು ಉತ್ತರ ಕೊಡಬೇಕಿತ್ತು: ನಮ್ಮ ಮಗಳು ಗ್ರೇಸಳನ್ನು ಅವನಿಗೆ ಕೊಡುತ್ತೇವೆಯೋ ಇಲ್ಲವೋ. ಹೆಂಡತಿ ಸತ್ತವನಿಗೆ ಮಗಳನ್ನು ಕೊಡುವುದು ದೇವರ ಚಿತ್ತವಲ್ಲ ಎಂದು ಹೇಳಲೆಂದೇ ನಾನು ಹೊರಟಿದ್ದೆ. ಅದಕ್ಕೆ ಆಧಾರವಾಗಿ ಅಂಗಿಯ ಜೇಬಿನಲ್ಲಿ ಒಂದು ಚೀಟಿ ಇತ್ತು.

ಭಾನುವಾರದ ಮೆಗಾಬ್ಲಾಕ್. ಹಳಿ ರಿಪೇರಿಗೆಂದು ಫಾಸ್ಟ್ ಗಾಡಿಗಳನ್ನೂ ಸ್ಲೋ ಹಳಿಗೆ ಹಾಕಿದ್ದರು. ಕಲ್ಯಾಣದಿಂದ ಬಂದ ಲೋಕಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾಲೇಜಿನ ಹುಡುಗಿಯೊಬ್ಬಳು "ಆಜಿ, ಬಸಾ" ಎಂದು ಎದ್ದು ಸುಶೀಲಾಳಿಗೆ ಸೀಟು ಕೊಟ್ಟಳು. ಮಳೆ ಹೊಳವಾಗಿ ಮುಂಬ್ರಾದ ಗುಡ್ಡ ಬಿಸಿಲಿಗೆ ಹಸಿರಾಗಿ ಕಾಣುತ್ತಿತ್ತು.

ಠಾಣೆಯಲ್ಲಿ ಗಾಡಿ ಬದಲಿಸಬೇಕು. ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ನೌಕರಿಯ ಆಯುಷ್ಯವೆಲ್ಲ ಕಳೆದವನು ನಾನು; ಠಾಣೆ ಸ್ಟೇಷನ್ನು ನನಗೆ ಯಾರೂ ತೋರಿಸಬೇಕಿಲ್ಲ ಎಂಬ ಗರ್ವ. ನಿಂತಿದ್ದ ಗಾಡಿಯನ್ನು ಹತ್ತಿಯೇಬಿಟ್ಟೆ.

"ಬೋರ್ಡ್ ನೋಡ್ರಿ, ಪನವೇಲ್ ಅಂತದ," ಎಂದಳು ಸುಶೀಲಾ.

ಎಲ್ಲವೂ ಒಂದೇ ಕಡೆ ಹೋಗುತ್ತವೆ, ಹತ್ತು ಎಂದೆ. ಸಾನಪಾಡಾಕ್ಕೆ ವಾಶಿ ಗಾಡಿಯೇ ಆಗಬೇಕಿತ್ತು; ಪನವೇಲ್ ಗಾಡಿ ತುರ್ಭೆಯ ಮುಂದೆ ಬೇರೆ ಹಳಿಗೆ ಹೊರಳುತ್ತದೆ.

ಗಾಡಿ ಖಾಲಿ ಇತ್ತು. ಕಿಟಕಿಯ ಬಳಿ ಕೂತು ಚೀಟಿಯನ್ನು ತೆಗೆದು ಮತ್ತೊಮ್ಮೆ ಓದಿಕೊಂಡೆ. ನಮ್ಮಂಥ ಮನೆಗಳಲ್ಲಿ ಬ್ರೆಡ್ಡಿನ ಆಕಾರದ ಪುಟ್ಟ ಡಬ್ಬಿ ಇರುತ್ತದೆ, ಅದರ ತುಂಬ ವಚನಗಳ ಚೀಟಿಗಳು. ಬೆಳಗಿನ ಪ್ರಾರ್ಥನೆಯಾದ ಮೇಲೆ ಕಣ್ಣು ಮುಚ್ಚಿ ಒಂದನ್ನು ಎತ್ತಬೇಕು. ಬಂದದ್ದೇ ಆ ದಿನದ ವಾಗ್ದಾನ. ನನ್ನ ಕೈಯಲ್ಲಿದ್ದದ್ದು ಮಕ್ಕಳು ತಂದೆತಾಯಿಗಳಿಗೆ ವಿಧೇಯರಾಗಿರಬೇಕೆಂಬ ಚೀಟಿ. ಅದನ್ನು ತೋರಿಸಿದಾಗ ಗ್ರೇಸ್ ಓದಿ, ನನ್ನ ಕೈಗೇ ಕೊಟ್ಟು ಆಸ್ಪತ್ರೆಯ ಡ್ಯೂಟಿಗೆ ಹೋಗಿದ್ದಳು.

ಐರೋಲಿ ದಾಟಿದ ಮೇಲೆ ಸುಶೀಲಾ ಕೇಳಿದಳು: "ಅದು ಎಷ್ಟನೇ ಚೀಟಿರಿ?"

ನಾನು ಹೊರಗೆ ನೋಡತೊಡಗಿದೆ.

"ಅಡಗಿಮನಿ ಬಾಗಲದಾಗ ನಿಂತು ನೋಡೀನಿ. ತಗದ್ರಿ, ಓದಿದ್ರಿ, ಒಳಗ ಹಾಕಿದ್ರಿ. ಮತ್ತ ತಗದ್ರಿ. ದೇವ್ರೇನು ಲಾಟರಿ ಅಂಗಡಿ ಇಟ್ಟಾನೇನು?"

"ಮೆಲ್ಲಕ ಮಾತಾಡು."

"ಯಾಕ, ದೇವ್ರಿಗೆ ಕೇಳಸ್ತದಂತನ?"

ಅವಳು ಹೇಳಿದ್ದು ನಿಜ. ಮೊದಲು ಬಂದ ಚೀಟಿ ಹೆದರಬೇಡ ಎನ್ನುತ್ತಿತ್ತು, ಅಷ್ಟೇ. ಅದು ನನ್ನ ಕೆಲಸಕ್ಕೆ ಬರಲಿಲ್ಲ. ನನಗೆ ಬೇಕಾದದ್ದು ಸಿಗುವತನಕ ಎತ್ತುತ್ತಲೇ ಹೋದೆ. ವಾಶಿಯ ಆಸ್ಪತ್ರೆಯೊಂದರಲ್ಲಿ ದುಡಿಯುವ ಗ್ರೇಸಳಿಗೆ ನಲವತ್ತು ಹತ್ತಿರ ಬಂದಿದೆ. ನನ್ನ ಬಿಪಿ ಮಾತ್ರೆ, ಸುಶೀಲಾಳ ಮೊಣಕಾಲು, ಲೈಟ್ ಬಿಲ್ಲು, ಎಲ್ಲ ಅವಳ ಮೇಲೆಯೇ. ಅವಳು ಹೋದರೆ ನಮ್ಮ ಗತಿಯೇನು ಎಂಬ ಹೆದರಿಕೆ ನನ್ನದು. ಸುಧಾಕರನಲ್ಲಿ ಯಾವ ದೋಷವೂ ಇರಲಿಲ್ಲ. ನನ್ನ ಹೆದರಿಕೆಗೆ ನಾನು ದೇವರ ಚಿತ್ತವೆಂದು ಹೆಸರಿಟ್ಟಿದ್ದೆ.

ಈ ಮಾತಿನಲ್ಲಿ ತುರ್ಭೆ ಹೋದದ್ದೇ ತಿಳಿಯಲಿಲ್ಲ. ಜುಯಿನಗರದಲ್ಲಿ ಇಳಿದು ಒಂದು ಸ್ಟೇಷನ್ ಹಿಂದಕ್ಕೆ ಬರಬೇಕಾಯಿತು. ಸೇತುವೆಯ ಮೆಟ್ಟಿಲ ನಡುವೆ ಸುಶೀಲಾ ಕಾಲು ಹಿಡಿದುಕೊಂಡು ಕೂತುಬಿಟ್ಟಳು. ನಾನೂ ಪಕ್ಕದಲ್ಲಿ ಕೂತೆ. ಜನ ನಮ್ಮನ್ನು ಬಳಸಿಕೊಂಡು ಹೋದರು.

"ನಂಗೂ ಹೆದರಿಕಿ ಅದರಿ," ಎಂದಳು. "ಹೆದರಿಕಿ ಅದ ಅಂತನ ದೇವ್ರ ಮುಂದ ಹೇಳ್ರಿ. ಹುಡುಗಿ ಮ್ಯಾಲ ಹಾಕಬ್ಯಾಡ್ರಿ."

ಸಾನಪಾಡಾದಲ್ಲಿ, ತಡವಾದದ್ದು ಯಾಕೆಂದು ಸುಶೀಲಾ ಹೇಳಿದಾಗ ಸುಧಾಕರನ ತಾಯಿ ಬಾಗಿಲಲ್ಲೇ ನಕ್ಕರು. ಉಡುಪಿ ಕಡೆಯವರು. "ಎಂಥದು ಮಾರಾಯ್ರೆ, ಜುಯಿನಗರ ನೋಡ್ಲಿಕ್ಕೆ ಹೋದದ್ದಾ?" ಗ್ರೇಸ್ ಡ್ಯೂಟಿ ಮುಗಿಸಿ ನೇರ ಬಂದು ಚಾಪೆ ಹಾಸುತ್ತಿದ್ದಳು.

ಹಾಡುಗಳಾದ ಮೇಲೆ ಹಿರಿಯನೆಂದು ನನಗೆ ಪ್ರಾರ್ಥನೆ ಮಾಡಲು ಹೇಳಿದರು. ನಾನು ಶುರುಮಾಡಿದ ಮೇಲೆ ಚಹಾಕ್ಕೆ ನೀರಿಟ್ಟರೆ ಸಾಕು, ಮುಗಿಯುವಷ್ಟರಲ್ಲಿ ಕುದ್ದಿರುತ್ತದೆ ಎಂದು ಕೂಟದಲ್ಲಿ ಚೇಷ್ಟೆ ಇದೆ. ದೇವರಿಗೆ ಏನೇನು ಮಾಡಬೇಕೆಂದು ನಾನು ಅಷ್ಟು ವಿವರವಾಗಿ ಹೇಳುತ್ತೇನೆ. ಅಂದು ಬಾಯಿಗೆ ಬಂದದ್ದು ಇಷ್ಟೇ: "ಕರ್ತನೇ, ನನಗೆ ಹೆದರಿಕೆಯಾಗಿದೆ. ನಿನ್ನ ಚಿತ್ತ ನನಗೆ ಗೊತ್ತಿಲ್ಲ. ಗೊತ್ತೆಂದು ಸುಳ್ಳು ಹೇಳಿದೆ. ನೀನೇ ನಡೆಸು."

ಸುಧಾಕರನ ತಾಯಿ ಕಣ್ಣು ತೆರೆದು, "ಆಯ್ತಾ? ಚಹಾಕ್ಕೆ ನೀರೇ ಇಡ್ಲಿಲ್ಲ ಮಾರಾಯ್ರೆ," ಎಂದರು.

ಗ್ರೇಸಳನ್ನು ಬಾಲ್ಕನಿಗೆ ಕರೆದು ಚೀಟಿಯ ಸಂಗತಿ ಪೂರ್ತಿ ಹೇಳಿದೆ. ಇನ್ನು ನನ್ನ ಅಡ್ಡಿಯಿಲ್ಲ, ನಿನಗೆ ಒಪ್ಪಿಗೆಯಿದ್ದರೆ ನನಗೂ ಒಪ್ಪಿಗೆ ಎಂದೆ. ಅವಳು ಕಂಬಿ ಹಿಡಿದು ಕೆಳಗಿನ ರಸ್ತೆ ನೋಡುತ್ತಿದ್ದಳು.

"ಮುಝೆ ಪತಾ ಥಾ, ಪಪ್ಪಾ," ಎಂದಳು. "ಚೀಟಿ ವಿಷಯ ಮಮ್ಮಿ ಹೇಳಿದ್ಲು. ನೀವಾಗೇ ಹೇಳ್ಬೇಕು ಅಂತ ಪ್ರೇಯರ್ ಮಾಡಾಕತ್ತಿದ್ದೆ. ನಂಗ ಒಪ್ಪಿಗಿ ಅದ."

ನಮ್ಮನ್ನು ಮುಂದೆ ಯಾರು ನೋಡಿಕೊಳ್ಳುತ್ತಾರೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಆದರೂ ಹೊತ್ತುಕೊಂಡು ಬಂದ ಗೋಣಿಚೀಲವನ್ನು ಆ ಬಾಲ್ಕನಿಯಲ್ಲಿ ಇಳಿಸಿದಷ್ಟು ಹಗುರಾಯಿತು. ಒಳಗೆ ಹೋಗಿ ಸುಧಾಕರನ ತಾಯಿಗೆ ಆಗಬಹುದು ಎಂದೆ. ಚಹಾದ ಜೊತೆ ಅವರು ಕೊಟ್ಟ ನೀರುದೋಸೆಯನ್ನು, ಮಧ್ಯಾಹ್ನ ಸರಿಯಾಗಿ ಉಣ್ಣದವನು, ಕೇಳಿ ಹಾಕಿಸಿಕೊಂಡು ತಿಂದೆ.

ಸಂಜೆ ಗ್ರೇಸ್, ಸುಧಾಕರ ಇಬ್ಬರೂ ನಮ್ಮನ್ನು ಸ್ಟೇಷನ್ನಿಗೆ ಕಳಿಸಲು ಬಂದರು. ಗಾಡಿ ಬಂದಾಗ ಬೋರ್ಡ್ ಓದು ಎಂದು ಸುಶೀಲಾಳಿಗೇ ಹೇಳಿದೆ. ಅವಳು ಓದಿ, ಠಾಣೆ ಎಂದ ಮೇಲೆ ಹತ್ತಿದೆ.

ಮರುದಿನ ಬೆಳಿಗ್ಗೆ ಆ ಚೀಟಿಯನ್ನು ಡಬ್ಬಿಗೆ ಸೇರಿಸಿ, ಕಣ್ಣು ಮುಚ್ಚಿ ಒಂದನ್ನೇ ಎತ್ತಿ, ಸುಶೀಲಾಳಿಗೆ ಕೇಳುವಂತೆ ಓದಿದೆ.

"ದೇವ್ರು ಏನಂತಾನ, ತಿಳೀತೇನ್ರಿ?" ಎಂದಳು.

"ಇಲ್ಲ."

"ಇರ್ಲಿ ಬಿಡ್ರಿ. ಚಾ ಆರ್ತದ, ಕುಡೀರಿ."