ನಜೀರಸಾಬನ ಅರ್ಧ ಟಾವೆಲ್ಲು

ದೊಡವಾಡದ ನಜೀರಸಾಬ ಬಂದ ಅಂದರೆ ಹೊಲದವರಿಗೆ ಮೊದಲು ಕೇಳಿಸುವುದು ಟ್ರ್ಯಾಕ್ಟರಿನ ಸಪ್ಪಳ, ಆಮೇಲೆ ಅವನ ಬೈಗುಳ. ಟ್ರ್ಯಾಕ್ಟರಿನ ಹಿಂದೆ ಕಾಳು ಬಿಡಿಸುವ ರಾಶಿ ಮಷೀನು ಕಟ್ಟಿಕೊಂಡು ಊರೂರು ತಿರುಗುವುದೇ ಅವನ ದುಡಿಮೆ. ಸುಗ್ಗಿ ಬಂತೆಂದರೆ ಕಡಲೆ, ಗೋದಿ, ಜೋಳ. ಯಾರ ಬೆಳೆ ಒಣಗಿದೆಯೋ ಅವರ ಹೊಲದಲ್ಲಿ ಅವತ್ತು ಇವನ ಊಟ. ಆಳು ಸಣಕಲು, ಗಡ್ಡ ಬೆಳ್ಳಗೆ, ದನಿ ಮಾತ್ರ ಮಷೀನಿಗಿಂತ ಒಂದು ಕೈ ಮೇಲು.

ಬೇರೆಯವರು ಮಷೀನಿನ ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುತ್ತಾರಲ್ಲ, ನಜೀರಸಾಬ ಅಲ್ಲಿ ಅರ್ಧ ಟಾವೆಲ್ಲು ಕಟ್ಟಿದ್ದಾನೆ. ಉಳಿದರ್ಧ ಎಲ್ಲಿ ಅಂತ ಕೇಳಿದರೆ, "ಮಷೀನು ತಿಂತು" ಅನ್ನುತ್ತಾನೆ. ಸುಳ್ಳಲ್ಲ.

ರಾಶಿ ಮುಗಿದ ಮೇಲೆ ಮಷೀನಿನವನ ಹೆಗಲಿಗೆ ಹೊಸ ಟಾವೆಲ್ಲು ಹೊದಿಸುವುದು ನಮ್ಮ ಕಡೆಯ ಮರ್ಯಾದೆ. ಒಂದು ವರ್ಷ ಸವದತ್ತಿ ಕಡೆ ಒಬ್ಬ ರೈತನಿಗೆ ಫಸಲು ಕಂಡು ಎಷ್ಟು ಖುಷಿಯಾಯಿತೆಂದರೆ, ರಾಶಿ ಮುಗಿಯುವವರೆಗೂ ತಡೆಯಲಾಗಲಿಲ್ಲ. ಮಷೀನು ಓಡುತ್ತಿರುವಾಗಲೇ ಬಂದು ಹೊದಿಸಿಬಿಟ್ಟ. ನಜೀರಸಾಬ ಕೈಮುಗಿಯಲು ಬಗ್ಗಿದ, ಟಾವೆಲ್ಲಿನ ತುದಿ ಮಷೀನು ತಿರುಗಿಸುವ ಬೆಲ್ಟಿಗೆ, ಅದೇ ಪಟ್ಟಾಕ್ಕೆ, ತಾಗಿತು. ಪಟ್ಟಾಕ್ಕೇನು ಗೊತ್ತು ಮರ್ಯಾದೆ? ಸರ್ರನೆ ಎಳೆಯಿತು. ಇನ್ನೇನು ಕುತ್ತಿಗೆಗೆ ಉರುಳು ಬೀಳಬೇಕು, ಅಷ್ಟರಲ್ಲಿ ಟಾವೆಲ್ಲು ಪರ್ರನೆ ಹರಿಯಿತು.

"ಆ ಪುಣ್ಯಾತ್ಮ ಸಂತ್ಯಾಗ ಎಲ್ಲಾಕಿಂತ ಅಗ್ಗದ್ದು ಹುಡುಕಿ ತಂದಿದ್ನ್ರಿ," ಅಂತ ನಜೀರಸಾಬ ಈಗಲೂ ನಗುತ್ತಾನೆ. "ಅವನ ಜಿಪುಣತನಾ ನನ್ನ ಜೀವಾ ಉಳಿಸ್ತು. ಅಂವ ಸಾವ್ಕಾರ ಇದ್ದಿದ್ರ ನಾ ಇರತಿರಲಿಲ್ಲ."

ಅವನ ಹೆಂಡತಿ ಮೌಲಾಬಿ ಮಾತ್ರ ನಗಲಿಲ್ಲ. ಉಳಿದ ತುಂಡನ್ನು ತಾನೇ ಮಷೀನಿಗೆ ಬಿಗಿದು ಕಟ್ಟಿ, "ದಿನಾ ಇದನ್ನ ನೋಡಕೋಂತ ದುಡೀರಿ" ಅಂದಳು.

ಅವತ್ತಿನಿಂದ ನಜೀರಸಾಬನ ಕಾಯಿದೆ ಶುರುವಾಯಿತು. ಪಟ್ಟಾಕ್ಕೆ ಬೈಲಹೊಂಗಲದಲ್ಲಿ ತಗಡಿನ ಮುಚ್ಚಿಗೆ ಹೊಡೆಸಿದ. ಆದರೆ ಕೊಯ್ದ ಬೆಳೆಯ ಸೊಪ್ಪೆ ಹಾಕುವ ಬಾಯಿಯನ್ನೂ ಮುಚ್ಚಿದರೆ ಮಷೀನು ತಿನ್ನುವುದೇನು? ಅದಕ್ಕೇ ಬಾಯಿಯ ಹತ್ತಿರ ಬರುವವರ ಮೈಮೇಲೆ ಜೋತಾಡುವ ಬಟ್ಟೆ ಇರಕೂಡದು. ಹೆಂಗಸರು ಸೆರಗು ಸಿಗಿಸಿ, ಮೇಲೊಂದು ಗಂಡಸರ ಅಂಗಿ ತೊಟ್ಟು ಗುಂಡಿ ಹಾಕಬೇಕು. ಗಂಡಸರ ಟಾವೆಲ್ಲು ಗಿಡದ ಕೊಂಬೆಗೆ. ಒಪ್ಪದಿದ್ದರೆ ಟ್ರ್ಯಾಕ್ಟರ್ ಬಂದ್.

ಹೀಗಿರುವಾಗ ಈ ಸಲ ಮನೋಳಿಯಲ್ಲಿ ಬಸವಲಿಂಗಗೌಡರ ಹೊಲದಲ್ಲಿ ಕಡಲೆ ರಾಶಿ. ಗೌಡರ ಹೊಲಕ್ಕೆ ಯಾವ ಮಷೀನು ಬರುತ್ತದೋ ಇಡೀ ಮನೋಳಿಗೆ ಅದೇ ಮಷೀನು. ನಜೀರಸಾಬನ ಅರ್ಧ ಸುಗ್ಗಿ ನಡೆಯುವುದೇ ಆ ಊರಿನ ಮೇಲೆ. ಗೌಡರ ಎಡ ಹೆಗಲಿಗೆ ಯಾವತ್ತೂ ಒಂದು ಜರಿ ಅಂಚಿನ ಟಾವೆಲ್ಲು. ನಿದ್ದೆಯಲ್ಲೂ ಜಾರುವುದಿಲ್ಲ ಅಂತ ಊರವರ ಮಾತು.

ಗೌಡರು ರಾಶಿ ಹೇಗೆ ನಡೆದಿದೆ ನೋಡಲೆಂದು ನೆಟ್ಟಗೆ ಓಡುತ್ತಿದ್ದ ಮಷೀನಿನ ಬಾಯಿಯ ಹತ್ತಿರಕ್ಕೇ ಬಂದರು. ನಜೀರಸಾಬ ಚಾವಿ ತಿರುಗಿಸಿದ. ಹೊಲವೆಲ್ಲ ಗಪ್ಪಾಯಿತು.

"ಯಾಕೋ ಬಂದ್ ಮಾಡಿದಿ?"

"ಹೆಗಲಮ್ಯಾಲಿಂದು ತಗದು ಆ ಬೇವಿನ ಗಿಡಕ್ಕ ಹಾಕಿ ಬರ್ರಿ ಗೌಡ್ರ."

ಸೊಪ್ಪೆ ಹೊರುತ್ತಿದ್ದವರ ಕೈ ನಿಂತವು. ನಮ್ಮಲ್ಲಿ ಹೆಗಲ ಮೇಲಿನ ಟಾವೆಲ್ಲು ಇಳಿಸುವುದು ತನಗಿಂತ ದೊಡ್ಡವರ ಮುಂದೆ. ಗೌಡರಿಗೆ ಇಳಿಸು ಅನ್ನುವುದೇ, ಅದೂ ಅವರದೇ ಹೊಲದಲ್ಲಿ, ಅವರದೇ ಆಳುಗಳ ಎದುರಿಗೆ!

"ನಮ್ಮಪ್ಪ ಯಾರ ಮುಂದನೂ ಟಾವೆಲ್ ಇಳಿಸಾಂವ ಅಲ್ಲ. ನಾ ನಿನ್ನ ಮಷೀನಿನ ಮುಂದ ಇಳಸ್ಲೇನು?"

"ಮಷೀನಿಗೆ ನಿಮ್ಮಪ್ಪಾರ ಗುರುತಿಲ್ರಿ."

"ರಾಮದುರ್ಗದ ಮಷೀನ್ ಕರಸ್ತೇನಿ. ಅಂವ ಬಾಯಿ ಮುಚಗೊಂಡು ರಾಶಿ ಮಾಡಿ ಹೋಗ್ತಾನ. ಇನ್ನ ಮ್ಯಾಲ ಮನೋಳ್ಯಾಗ ನಿನ್ನ ಟ್ರ್ಯಾಕ್ಟರ್ ಕಾಣಬಾರದು, ನೋಡು!"

ನಜೀರಸಾಬ ಚಾವಿಯ ಮೇಲೆ ಕೈ ಇಟ್ಟ. ಚಾವಿ ಒಂದು ಸಲ ತಿರುಗಿಸಿದರೆ ಗೌಡರಿಗೆ ಸಮಾಧಾನ, ಮನೋಳಿ ತನ್ನದು. ಗಾಳಿಗೆ ಜರಿ ಅಂಚು ಮಷೀನಿನ ಬಾಯಿಯ ಮೇಲೆ ತೂಗಾಡುತ್ತಿತ್ತು. ಅವನು ಚಾವಿ ತೆಗೆದು ಕಿಸೆಯಲ್ಲಿ ಹಾಕಿಕೊಂಡ.

ಹೆಣ್ಣಾಳುಗಳ ಮುಂದಾಳು ಯಲ್ಲವ್ವ ಸೊಪ್ಪೆಯ ಮೇಲೆ ಕುಂತು ರೊಟ್ಟಿ ಗಂಟು ಬಿಚ್ಚಿದಳು.

"ನಿಮ್ಮ ಜಗಳಾ ಮುಗಿಯೂತನಕಾ ನಾವು ಉಣ್ತೇವಿ ತಗೋರಿ. ನಜೀರಕಾಕಾ, ನನಗೂ ಗಂಡನ ಅಂಗಿ ತೊಡಿಸಿದಿಯಲ್ಲ, ನಾ ಏನರ ಸಣ್ಣಾಕಿ ಆದ್ನೇನು? ಈಗ ಓಣ್ಯಾಗ ನನಗ ಯಲ್ಲಪ್ಪಗೌಡ್ರು ಅಂತಾರ!"

ಎಲ್ಲರೂ ನಕ್ಕರು, ನಜೀರಸಾಬ ನಗಲಿಲ್ಲ. ಯಲ್ಲವ್ವನಿಗೆ ತಾನು ತೆಗಿ ಅಂದಿರಲಿಲ್ಲ, ತೊಡು ಅಂದಿದ್ದ. ತಲೆಯಲ್ಲಿ ಏನೋ ಹೊಳೆಯಿತು. ಟ್ರ್ಯಾಕ್ಟರಿನಿಂದ ಕೆಳಗೆ ಜಿಗಿದ.

"ಗೌಡ್ರ, ತಗೀಬ್ಯಾಡ್ರಿ. ಸ್ವಲ್ಪ ತಲಿ ಬಗ್ಗಸ್ರಿ."

"ಏನ ಮಾಡಾಂವೋ?"

ನಜೀರಸಾಬ ಅವರ ಹತ್ತಿರಕ್ಕೇ ಬಂದ. ಜರಿ ಟಾವೆಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡು, ಗೌಡರ ತಲೆಗೆ ಸುತ್ತಿದ. ಬಿಗಿಯಾದ ಪಟಗ. ತುದಿಯನ್ನು ಒಳಗೆ ಸಿಗಿಸಿ, ಎಳೆದು ನೋಡಿದ. ಕದಲಲಿಲ್ಲ.

"ಯವ್ವಾ, ಗೌಡ್ರು ಮದಲಿಂಗ ಆದ್ರಲ್ಲ! ಆರತಿ ತರ್ರೇ!" ಯಲ್ಲವ್ವ ಕೂಗಿದಳು.

ಗೌಡರ ಮುಖ ಇನ್ನೂ ಗಂಟು ಹಾಕಿಕೊಂಡೇ ಇತ್ತು. ಆದರೆ ಕಣ್ಣು ಟ್ರ್ಯಾಕ್ಟರಿನ ಕನ್ನಡಿ ಕಡೆ ಹೋಯಿತು. ಹೀಗೊಮ್ಮೆ ತಿರುಗಿದರು, ಹಾಗೊಮ್ಮೆ ತಿರುಗಿದರು. ಮೀಸೆ ತೀಡಿದರು.

"ಮದಿವ್ಯಾಗೂ ಯಾರೂ ಇಷ್ಟು ಚಂದ ಸುತ್ತಿದ್ದಿಲ್ಲ ಬಿಡು," ಅಂದರು. "ಏನ ನೋಡ್ತಿ? ಓಡಸು!"

ಓಡಿಸಲಿಕ್ಕೆ ಬಿಡಬೇಕಲ್ಲ! ಬೇವಿನ ಗಿಡದಲ್ಲಿ ನೇತುಬಿದ್ದಿದ್ದ ಟಾವೆಲ್ಲುಗಳೆಲ್ಲ ಇಳಿದು ಬಂದವು. "ನನಗೂ ಸುತ್ತ ಕಾಕಾ," "ನನಗ ಗೌಡ್ರಂಗ ಸುತ್ತ" ಅಂತ ಗಂಡಾಳುಗಳು ಮುಗಿಬಿದ್ದರು. ಮಷೀನು ಶುರುವಾಗುವ ಹೊತ್ತಿಗೆ ಹೊಲದ ತುಂಬ ಪಟಗವೇ ಪಟಗ.

ಇಳಿಹೊತ್ತಿಗೆ ರಾಶಿ ಮುಗಿಯುತ್ತ ಬಂತು. ಗೌಡರು ಮನೆಯಿಂದ ಹೊಸ ಟಾವೆಲ್ಲು ತರಿಸಿದರು. ಅದನ್ನು ಬಿಚ್ಚಿ, ನಜೀರಸಾಬನ ಹಿಂದೆ ಹೋಗಿ, ಹೊದಿಸಲೆಂದು ಕೈ ಚಾಚಿದರು. ಮಷೀನು ಗರಗರ ತಿರುಗುತ್ತಿತ್ತು. ಅರ್ಧಕ್ಕೇ ಕೈ ನಿಂತಿತು. ಟಾವೆಲ್ಲನ್ನು ಮುದ್ದೆ ಮಾಡಿ ಕಂಕುಳಲ್ಲಿ ಹಿಡಿದು, ಹಿಂದೆ ಸರಿದು ಕೂಗಿದರು:

"ಏ ನಜೀರಾ! ಮದಲ ಬಂದ್ ಮಾಡೋ!"

ಮಷೀನು ನಿಂತಿತು. ನಜೀರಸಾಬ ಬಂದು ಟಾವೆಲ್ಲಿನ ಎರಡೂ ತುದಿ ಹಿಡಿದು ಜಗ್ಗಿದ.

"ಭಾಳ ಗಟ್ಟಿ ಐತ್ರಿ ಗೌಡ್ರ. ಇದು ಹರಿಯೂ ಮಾತಿಲ್ಲ."

"ಅಗ್ಗದ್ದು ತರಾಂವ ಅಲ್ಲ ನಾ."

"ಅದಕ್ಕ ಅಂತೇನಿ, ತಲಿಗೇ ಸುತ್ರಿ."

ಗೌಡರೇ ಸುತ್ತಿದರು. ಸೊಟ್ಟಗೆ ಕುಂತಿತು, ಒಂದು ಕಿವಿ ಪೂರ್ತಿ ಮುಚ್ಚಿತು. ಆದರೆ ತುದಿಯನ್ನು ಮಾತ್ರ ಮರೆಯದೆ ಒಳಗೆ ಸಿಗಿಸಿದರು. ನಜೀರಸಾಬ ಒಂದೇ ಕಿವಿಯಲ್ಲಿ ಟ್ರ್ಯಾಕ್ಟರಿನ ಸಪ್ಪಳ ಕೇಳುತ್ತ ಪಕ್ಕದ ಹೊಲಕ್ಕೆ ತಿರುಗಿದ. ಅಲ್ಲಿಯವರು ಆಗಲೇ ಟಾವೆಲ್ಲು ತಲೆಗೆ ಸುತ್ತಿಕೊಂಡು ಕಾಯುತ್ತಿದ್ದರು.