ಬಿಳಿ ಪುಡಿ ಕೆರೆಯುವ ಲೋರ್ನಾ

ಉತ್ತರದ ಹಿಮಸೀಮೆಯ ಊರು ಥಾಂಪ್ಸನ್‌ನಲ್ಲಿ ಬೆಳಗಿನ ಆರು ಗಂಟೆ. ಸೂರ್ಯ ಮೂಡಲು ಇನ್ನೂ ಮೂರು ತಾಸಿದೆ. ಸೊನ್ನೆಗಿಂತ ಮೂವತ್ತೆಂಟು ಡಿಗ್ರಿ ಕೆಳಗಿಳಿದ ಚಳಿಯಲ್ಲಿ ಲೋರ್ನಾ ಹ್ರಿತ್ಸಾಕ್ ಹಳೆಯ ಕಾರೊಂದರ ಬಾನೆಟ್ ಎತ್ತಿ ಟಾರ್ಚ್ ಹಿಡಿದಿದ್ದಾರೆ. ಬ್ಯಾಟರಿಯ ಪಕ್ಕೆಗಳು ಉಬ್ಬಿವೆ. ಒಳಗೆಲ್ಲ ಹೆಪ್ಪುಗಟ್ಟಿದೆ.

“ಒಂದ್ಸಲ ನಿನ್ನ ಗಾಡಿಯಿಂದ ಕೇಬಲ್ ಕೊಟ್ಟು ನೋಡಮ್ಮ,” ಎನ್ನುತ್ತಾರೆ ಕಾರಿನ ಒಡೆಯ, ಎಪ್ಪತ್ತನಾಲ್ಕರ ಅಲ್ಫೋನ್ಸ್ ಲಿಂಕ್ಲೇಟರ್. ಏಳಕ್ಕೆ ಅವರು ಡಯಾಲಿಸಿಸ್‌ಗೆಂದು ಆಸ್ಪತ್ರೆಯಲ್ಲಿರಬೇಕು.

“ಕೊಡಲ್ಲ. ಹೆಪ್ಪುಗಟ್ಟಿದ್ದಕ್ಕೆ ಕರೆಂಟ್ ಕೊಟ್ರೆ ಸಿಡಿದು ಮುಖಕ್ಕೆ ಆಸಿಡ್ ಹಾರುತ್ತೆ. ನನ್ನ ಗಾಡಿ ಹತ್ತಿ.”

“ನಿನ್ನ ಗಾಡೀಲಿ ಕೂತ್ರೆ ಬೈಗುಳಾನೂ ಕೇಳ್ಬೇಕಲ್ಲ.”

“ಕೇಳಿ. ಅಕ್ಟೋಬರಲ್ಲೇ ಬದಲಾಯಿಸಿ ಅಂದಿದ್ದೆ.”

ಅಲ್ಫೋನ್ಸ್ ಆಸ್ಪತ್ರೆಯ ಬಾಗಿಲು ದಾಟಿ ಒಳಹೋಗುವವರೆಗೂ ಕಾದಿದ್ದು, ಅರವತ್ತೊಂದರ ಲೋರ್ನಾ ಮುಂದಿನ ಕರೆಗೆ, ಕೆಟ್ಟು ನಿಂತ ಇನ್ನೊಂದು ಕಾರಿನತ್ತ, ಹೊರಡುತ್ತಾರೆ. ಇಂಥ ಚಳಿಯಲ್ಲಿ ದಿನಕ್ಕೆ ಹದಿನೈದು, ಇಪ್ಪತ್ತು ಕರೆ. ಕೀ ತಿರುಗಿಸಿದಾಗ ಬರುವ ಸದ್ದನ್ನು ಮೊದಲು ಫೋನಿನಲ್ಲೇ ಕೇಳಿಸಿಕೊಳ್ಳುತ್ತಾರೆ. ಟಕಟಕ ಎಂದರೆ ಬ್ಯಾಟರಿ ಸೋತಿದೆ. ದೀಪ ಚೆನ್ನಾಗಿ ಉರಿಯುತ್ತಿದ್ದು ಒಂದೇ ಒಂದು ಟಕ್ ಎಂದರೆ ಇಂಜಿನ್ ತಿರುಗಿಸುವ ಸ್ಟಾರ್ಟರ್ ಮೇಲೆ ಗುಮಾನಿ. ಸದ್ದೇ ಇಲ್ಲವೆಂದರೆ ಲೋರ್ನಾ ಅವರ ದನಿ ತಗ್ಗುತ್ತದೆ.

ಹನ್ನೊಂದು ವರ್ಷದ ಹಿಂದೆ, ಫೆಬ್ರವರಿಯ ಒಂದು ಮುಂಜಾನೆ, ಅವರ ಕಾರೂ ಸದ್ದು ಮಾಡಿರಲಿಲ್ಲ. ಆಗ ಅವರು ಶಾಲೆಯೊಂದರಲ್ಲಿ ಅಡುಗೆಯ ಕೆಲಸಕ್ಕಿದ್ದರು. ಗಂಡ ಮೈರನ್‌ಗೆ ಎದೆನೋವು ಬಂತು. ಮನೆ ಊರಾಚೆ ಇಪ್ಪತ್ತು ಕಿಲೋಮೀಟರ್. ಎಷ್ಟು ಸಲ ಕೀ ತಿರುಗಿಸಿದರೂ ಕಾರು ಮಿಸುಕಲಿಲ್ಲ. ಆಂಬುಲೆನ್ಸ್ ಹಿಮದ ದಾರಿ ಸವೆಸಿ ಬರುವಷ್ಟರಲ್ಲಿ ನಲವತ್ತು ನಿಮಿಷ ಕಳೆದಿತ್ತು. ಮೈರನ್ ಮುಂದಿನ ಸೀಟಿನಲ್ಲಿ, ಹೆಂಡತಿಯ ಹೆಗಲಿಗೆ ಒರಗಿದವರು ಹಾಗೆಯೇ ಹೋಗಿಬಿಟ್ಟಿದ್ದರು.

ಚರ್ಚಿನಲ್ಲಿ ಅಂತ್ಯಕ್ರಿಯೆಯ ಪ್ರಾರ್ಥನೆ ಮುಗಿದ ಮೂರನೆಯ ದಿನ ನೆರೆಮನೆಯ ಗಸ್ ಬಂದು ಬಾನೆಟ್ ತೆಗೆದರು. ಬ್ಯಾಟರಿಗೆ ತಂತಿ ಸೇರುವ ತುದಿಯಲ್ಲಿ ಕರೆಂಟ್ ತಡೆಯುವ ಬಿಳಿ ಪುಡಿ ಕಟ್ಟಿತ್ತು, ತಂತಿಯನ್ನು ಬಿಗಿಯುವ ಪಟ್ಟಿ ಸಡಿಲವಾಗಿತ್ತು. ಗಸ್ ಪುಡಿ ಕೆರೆದು ನಟ್ಟು ಬಿಗಿದರು. ಕಾರು ಮೊದಲ ತಿರುವಿಗೇ ಶುರುವಾಯಿತು.

“ಎರಡು ನಿಮಿಷದ ಕೆಲಸ. ನಂಗೆ ಗೊತ್ತಿರ್ಲಿಲ್ಲ,” ಎನ್ನುತ್ತಾರೆ ಲೋರ್ನಾ. “ಆ ಇಂಜಿನ್ ಸದ್ದು ಕೇಳಿ ಹಿಮದ ಮೇಲೇ ಕೂತುಬಿಟ್ಟೆ. ಗಸ್ ಪಾಪ, ಆಫ್ ಮಾಡಬೇಕಾ ಬೇಡವಾ ಅಂತ ಗೊತ್ತಾಗದೆ ನಿಂತಿದ್ದ.”

ಆ ಬೇಸಿಗೆಯಲ್ಲಿ ಅವರು ಗಸ್ ಬಳಿಯೇ ಕಾರು ರಿಪೇರಿಯ ಕೆಲಸ ಕಲಿತರು. ಈಗ ಪ್ರತಿ ಅಕ್ಟೋಬರಿನಲ್ಲಿ, ಭಾನುವಾರದ ಪ್ರಾರ್ಥನೆ ಮುಗಿಸಿ ಹೊರಬಂದವರನ್ನು ಚರ್ಚಿನ ಅಂಗಳದಲ್ಲೇ ತಡೆದು ನಿಲ್ಲಿಸುತ್ತಾರೆ. ಕೈಗೊಂದು ತಂತಿ ಬ್ರಷ್ ಕೊಟ್ಟು ಅವರ ಬ್ಯಾಟರಿಯನ್ನು ಅವರಿಂದಲೇ ಕೆರೆಸುತ್ತಾರೆ. “ಒಳಗೆ ಪಾದ್ರಿ ಪಾಪ ತೊಳೀತಾರೆ, ಹೊರಗೆ ನೀನು ಹಿಡ್ಕೋತೀಯ,” ಎಂದು ಗೊಣಗುವವರೂ ಉಜ್ಜದೆ ಹೋಗುವಂತಿಲ್ಲ.

ಪತ್ರಿಕೆಗೊಂದು ಫೋಟೋ ಎಂದಾಗ ಲೋರ್ನಾ ಕೈಗವಸಿನ ಕೈ ಅಡ್ಡ ಹಿಡಿಯುತ್ತಾರೆ.

“ನನ್ನ ಮುಖ ಯಾಕೆ? ಆ ಪುಡಿ ಕಟ್ಟಿದ ಬ್ಯಾಟರೀದು ಹಾಕಿ. ದೊಡ್ಡದಾಗಿ ಹಾಕಿ. ಅದು ಹೇಗಿರುತ್ತೆ ಅಂತ ಜನ ನೋಡ್ಲಿ.”