ಪೆಡಲಿಗೆ ಕಟ್ಟಿದ ಕಾಲು

ನನ್ನ ಗಂಡನ ಸೈಕಲ್ಲಿಗೆ ಬ್ರೇಕಿರಲಿಲ್ಲ. ಪಂದ್ಯದ ಸೈಕಲ್ಲೇ ಹಾಗೆ. ಚಕ್ರ ಉರುಳುವಷ್ಟು ಹೊತ್ತೂ ಪೆಡಲು ತಿರುಗುತ್ತದೆ, ಕಾಲಿಗೆ ಬಿಡುವಿಲ್ಲ. ಶ್ರೀರಂಗಪಟ್ಟಣದ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ಸುತ್ತು ಹೊಡೆಸುತ್ತಿದ್ದರು. ವರ್ಷಾ ವರ್ಷಾ ಬೆಳ್ಳಿ ಬಟ್ಟಲು ನಮ್ಮ ಮನೆಗೇ ಬರುತ್ತಿತ್ತು. ಅವನಷ್ಟು ಜೋರಾಗಿ ತುಳಿಯುವವರು ಇರಲಿಲ್ಲ, ನಿಜ. ತಿರುವಿನಲ್ಲಿ ಪಕ್ಕದವನಿಗೆ ಮೊಣಕೈ ಕೊಡುವವರೂ ಅವನಷ್ಟು ಇರಲಿಲ್ಲ. ಕೆ.ಆರ್. ಪೇಟೆಯವನೊಬ್ಬನ ಮುಂದಿನ ಹಲ್ಲು ಉದುರಿದ್ದು ಹಾಗೇ.

ಮುಂದಿನ ವರ್ಷ ಪಂದ್ಯ ಹತ್ತಿರ ಬಂದಾಗ ಆ ಪೇಟೆಯವನ ಕಡೆಯವರು, ಈಗ ಪಾಂಡವಪುರ ಅನ್ನುವ ಹಿರೋಡೆಯ ದಾರಿಯಲ್ಲಿ ಅಡ್ಡಹಾಕಿ ಇವನ ಬಲಮಂಡಿಗೆ ಗೂಟದಲ್ಲಿ ಬಿಟ್ಟರು. ಮೂಳೆ ಕಟ್ಟುವ ಮುದುಕ ಮುಟ್ಟಿ ನೋಡಿದ.

"ಮಂಡಿ ಬಗ್ಗಿಸ್ದೆ ಅಂದ್ರೆ ಕಾಲು ಮರ್ತ್‌ಬುಡು ಕಣ್ಲಾ."

"ಎಡಗಾಲು ತುಳೀತದೆ ಬುಡು. ಬಲಗಾಲ್ನ ಪೆಡಲೇ ತಿರುಗಿಸ್ಕತದೆ."

ಪಂದ್ಯದ ದಿನ ಮೈದಾನದಲ್ಲಿ ಗಂಡ ನನ್ನ ಕೈಗೆ ಹಳೇ ಸೀರೆಯ ಚೂರು ಕೊಟ್ಟ. "ಬಲಗಾಲ್ನ ಪೆಡಲ್ಗೆ ಕಟ್ಟಮ್ಮಿ, ಜಾರ್ಬಾರ್ದು."

"ಬಿದ್ರೆ?"

"ಬಿದ್ರೆ ತಾಳಿ ಅರ್ಕಳ್ಳೀವಂತೆ, ಈಗ ಕಟ್ಟು."

ಕಟ್ಟಿದೆ. ಎತ್ತು ಕಟ್ಟಿ ಬೆಳೆದವಳು, ಸಡಿಲ ಕಟ್ಟಲು ಬರುವುದಿಲ್ಲ.

ಅರ್ಧ ಪಂದ್ಯದವರೆಗೆ ಇವನೇ ಮುಂದಿದ್ದ. ಪ್ರತಿ ಸುತ್ತಿಗೂ ಅರಚುತ್ತಿದ್ದ. ಜನ ಉಮೇದಿಗೆ ಅಂದುಕೊಂಡು ತಾವೂ ಅರಚಿದರು. ಪೇಟೆಯವನು ಒಳಗಡೆಯಿಂದ ನುಗ್ಗಿ ಸರಿಯಾಗಿ ಆ ಮಂಡಿಗೇ ಒದ್ದ. ಇವನು ಅವನ ಜುಟ್ಟು ಹಿಡಿದ. ಇಬ್ಬರೂ ಉರುಳಿದರು. ಚಕ್ರ ಇನ್ನೂ ತಿರುಗುತ್ತಿತ್ತು, ಕಟ್ಟಿದ ಕಾಲನ್ನೂ ತಿರುಗಿಸಿತು. ಕಬ್ಬು ಮುರಿದ ಹಾಗೆ ಸದ್ದಾಯಿತು.

ನಾನು ಓಡಿ ಹೋದಾಗ ಪೇಟೆಯವನು ಇವನ ತಲೆಯನ್ನು ನೆಲಕ್ಕೆ ಜಜ್ಜುತ್ತಿದ್ದ. ಅವನ ಮೋರೆಗೆ ಒದ್ದು, ಗಂಟನ್ನು ಹಲ್ಲಿನಲ್ಲಿ ಕಚ್ಚಿ ಬಿಡಿಸಿದೆ.

ಮೈಸೂರಿನ ಆಸ್ಪತ್ರೆಯಲ್ಲಿ ಮಂಡಿಯ ಮೇಲಕ್ಕೆ ಕತ್ತರಿಸಿದರು. ಎಚ್ಚರವಾದವನು ಕೇಳಿದ್ದು ಕಾಲನ್ನಲ್ಲ.

"ಬಟ್ಲು ಯಾರ್ಗ್ ಓಯ್ತು?"

"ನಾಗಮಂಗಲದ ಮೇಷ್ಟ್ರ ಮಗಂಗೆ. ನೀವಿಬ್ರೂ ಮಣ್ಣಲ್ಲಿ ಒಳ್ಳಾಡ್ತಿದ್ರಲ್ಲ, ಪಕ್ದಲ್ಲೇ ಬೆಲ್ಲು ಒಡ್ಕಂಡು ಓದ."

"ಥೂ! ಪಂದ್ಯಕ್ಕೆ ಬೆಲ್ಲು ಕಟ್ಕಂಡ್ ಬಂದಿದ್ನಾ ಆ ಬಡ್ಡೀಮಗ?" ಕೈಗೆ ಸಿಕ್ಕಿದ ಹಿತ್ತಾಳೆ ಲೋಟ ನನ್ನತ್ತ ಬೀಸಿದ. ಹುಬ್ಬು ಒಡೆಯಿತು. ಅದೇ ಲೋಟ ಎತ್ತಿ ಅವನ ಎದೆಗೆ ಬೀಸಿದೆ.

ಹೊಡೆಯಲು ಮೇಲೇಳಹೋದ. ಕಂಬಳಿ ಸರಿಯಿತು. ಕೆಳಗೆ ನೋಡಿಕೊಂಡ.